ಬೆಂಕಿ ಆರಿಸುವವರ ಬಾಯಾರಿಕೆ

ಸಂಪಾದಕರೇ, ನಮಸ್ಕಾರ.

ಹೋದ ವಾರ ನಿಮ್ಮ ಪತ್ರಿಕೆಯಲ್ಲಿ ಒಂದು ಅಗ್ನಿ ಅವಘಡದ ವರದಿ ಓದಿದೆ. ಎಷ್ಟು ಫೈರ್ ಎಂಜಿನ್ ಬಂದವು, ಎಷ್ಟು ನಷ್ಟವಾಯಿತು, ಯಾವ ಅಧಿಕಾರಿ ಸ್ಥಳಕ್ಕೆ ಭೇಟಿ ಕೊಟ್ಟರು ಎಲ್ಲ ಇತ್ತು. ನಡುವೆ ಒಂದು ಸಾಲು: ಸಿಬ್ಬಂದಿ ಸತತ ಒಂಬತ್ತು ಗಂಟೆ ಹರಸಾಹಸಪಟ್ಟು ಬೆಂಕಿ ನಂದಿಸಿದರು. ಈ ‘ಹರಸಾಹಸ’ ಎನ್ನುವ ಪದ ಇಲ್ಲದೆ ನಮ್ಮ ಪತ್ರಿಕೆಗಳಲ್ಲಿ ಬೆಂಕಿಯೇ ಆರುವುದಿಲ್ಲ, ಇರಲಿ ಬಿಡಿ. ನಾನು ಸಿಕ್ಕಿಕೊಂಡಿದ್ದು ಒಂಬತ್ತು ಗಂಟೆ ಅನ್ನುವಲ್ಲಿ. ಅಷ್ಟು ಹೊತ್ತು ಅವರು ಏನು ಕುಡಿದರು? ಎಲ್ಲಿ ಕೂತರು? ಯಾರಾದರೂ ಅವರನ್ನು ಕೈಹಿಡಿದು ಪಕ್ಕಕ್ಕೆ ಕರೆದು, ಸಾಕು ಸ್ವಲ್ಪ ಸುಧಾರಿಸಿಕೊ ಅಂದರಾ?

ಈ ಪ್ರಶ್ನೆ ಸುಮ್ನೆ ಹುಟ್ಟಿದ್ದಲ್ಲ. ಕೆಲವು ವರ್ಷಗಳ ಹಿಂದೆ ನಾನು ವಾಸವಿದ್ದ ಕಟ್ಟಡಕ್ಕೇ ಬೆಂಕಿ ಬಿತ್ತು. ನಡುರಾತ್ರಿ. ಎಲ್ಲರೂ ಉಟ್ಟ ಬಟ್ಟೆಯಲ್ಲೇ ಕೆಳಗಿಳಿದು ಬೀದಿಯಲ್ಲಿ ನಿಂತಿದ್ದೆವು. ಯಾರಿಗೂ ಜೀವಕ್ಕೆ ಅಪಾಯವಾಗಲಿಲ್ಲ. ಒಳಗೆ ಹೋಗಿ ಬಂದ ಅಗ್ನಿಶಾಮಕ ಸಿಬ್ಬಂದಿಯಲ್ಲಿ ಒಬ್ಬ, ತೀರಾ ಎಳೆಯ ಹುಡುಗ, ರಸ್ತೆಯಂಚಿನಲ್ಲಿ ಹೆಲ್ಮೆಟ್ ಮಗುಚಿಟ್ಟು ಕುಕ್ಕರಿಸಿದ. ಯಾರೋ ನೀರಿನ ಬಾಟಲಿ ಕೊಟ್ಟರು. ಅವನು ಅದರ ಮುಚ್ಚಳ ತಿರುಗಿಸುತ್ತಾನೆ, ತಿರುಗಿಸುತ್ತಾನೆ, ಅದು ಬಿಚ್ಚಿಕೊಳ್ಳುತ್ತಲೇ ಇಲ್ಲ. ಬೆರಳುಗಳಿಗೆ ಹಿಡಿತವೇ ಇರಲಿಲ್ಲ, ಅಷ್ಟು ನಡುಗುತ್ತಿದ್ದವು. ಕೊನೆಗೆ ಎರಡನೇ ಮಹಡಿಯ ಪುಟ್ಟ ಹುಡುಗಿಯೊಬ್ಬಳು ಹೋಗಿ ಬಾಟಲಿ ಇಸಿದುಕೊಂಡು ಮುಚ್ಚಳ ತೆಗೆದುಕೊಟ್ಟಳು. ಅರ್ಧ ಕುಡಿದ, ಉಳಿದರ್ಧವನ್ನು ಕತ್ತಿನ ಹಿಂದೆ ಸುರಿದುಕೊಂಡ, ಎದ್ದು ಮತ್ತೆ ಒಳಗೆ ಹೋದ. ನಾನು ಐದಾರು ಅಡಿ ದೂರದಲ್ಲಿದ್ದೆ. ನನ್ನ ಕೈಯಲ್ಲಿ ನಡುಕವಿರಲಿಲ್ಲ. ಆದರೆ ಆ ಕೈ ವಿಡಿಯೋ ಮಾಡುತ್ತಿತ್ತು.

ಆಮೇಲೆ ನಾಚಿಕೆಗೋ ಕುತೂಹಲಕ್ಕೋ, ಇಂಥ ಹೊತ್ತಿನಲ್ಲಿ ಜಗತ್ತಿನ ಬೇರೆ ಕಡೆ ಏನು ಮಾಡುತ್ತಾರೆ ಅಂತ ಓದತೊಡಗಿದೆ. ಮತ್ತೆ ಮತ್ತೆ ಎದುರಾದ ಹೆಸರು ಸಾಲ್ವೇಷನ್ ಆರ್ಮಿ. ಆರ್ಮಿ ಅಂದ ಕೂಡಲೇ ಬಂದೂಕು ಅಂದುಕೊಳ್ಳಬೇಡಿ. ಇದು ಒಂದು ಕ್ರೈಸ್ತ ಪಂಥ, ಜೊತೆಗೆ ಒಂದು ಸೇವಾ ಸಂಸ್ಥೆ. 1865ರಲ್ಲಿ ಲಂಡನ್ನಿನ ಪೂರ್ವ ಭಾಗದ ಬಡವರ ಕೇರಿಗಳಲ್ಲಿ ವಿಲಿಯಂ ಬೂತ್ ಮತ್ತು ಅವರ ಹೆಂಡತಿ ಕ್ಯಾಥರೀನ್ ಶುರುಮಾಡಿದ ಕೆಲಸ, 1878ರಲ್ಲಿ ಈ ಹೆಸರು ಪಡೆಯಿತು. ಸಮವಸ್ತ್ರ ಉಂಟು, ಕ್ಯಾಪ್ಟನ್, ಮೇಜರ್, ಜನರಲ್ ಅಂತ ಪದವಿಗಳುಂಟು, ಬ್ಯಾಂಡು ವಾದ್ಯವೂ ಉಂಟು. ಇವತ್ತು 130ಕ್ಕೂ ಹೆಚ್ಚು ದೇಶಗಳಲ್ಲಿದೆ. ಅವರ ಹಳೆಯ ಘೋಷಣೆ ಮೊದಲು ಸೂಪು, ಆಮೇಲೆ ಸೋಪು, ಕೊನೆಗೆ ಮುಕ್ತಿ ಅಂತ. ನನಗೆ ಹಿಡಿಸಿದ್ದು ಆ ಕ್ರಮ. ಹಸಿದವನಿಗೆ ಮೊದಲು ಊಟ, ಉಪದೇಶಕ್ಕೆ ಆತುರವಿಲ್ಲ.

ವಿಪತ್ತಿನ ಕೆಲಸಕ್ಕೆ ಅವರು ಇಳಿದದ್ದು ನಿನ್ನೆ ಮೊನ್ನೆಯಲ್ಲ. 1900ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಗ್ಯಾಲ್ವೆಸ್ಟನ್ ನಗರದ ಮೇಲೆ ಚಂಡಮಾರುತ ಅಪ್ಪಳಿಸಿ ಕನಿಷ್ಠ 6,000 ಜನ ಸತ್ತಾಗ ದೇಶದ ಬೇರೆ ಬೇರೆ ಕಡೆಯಿಂದ ತಮ್ಮವರನ್ನು ಅಲ್ಲಿಗೆ ಕಳಿಸಿದರು. 1906ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಭೂಕಂಪ. 1917ರಲ್ಲಿ ಫ್ರಾನ್ಸಿನ ಯುದ್ಧಭೂಮಿಯ ಹತ್ತಿರ ಸಂಸ್ಥೆಯ ಇಬ್ಬರು ಹೆಣ್ಣುಮಕ್ಕಳು, ಕೈಯಲ್ಲಿದ್ದ ಅಷ್ಟಿಷ್ಟು ಹಿಟ್ಟು ಸಕ್ಕರೆ ಕೊಬ್ಬಿನಲ್ಲೇ, ಲಟ್ಟಣಿಗೆ ಇಲ್ಲದೆ ವೈನ್ ಬಾಟಲಿಯಲ್ಲಿ ಹಿಟ್ಟು ಲಟ್ಟಿಸಿ, ಸೈನಿಕರಿಗೆ ಡೋನಟ್ ಕರಿದುಕೊಟ್ಟರು. ಮೊದಲ ದಿನ ಆಗಿದ್ದು ಬರೀ 150. ಆದರೆ ಮನೆ ಬಿಟ್ಟು ಬಂದು ಕೆಸರಿನಲ್ಲಿ ನಿಂತಿದ್ದವರಿಗೆ ಬಿಸಿ ಬಾಣಲೆಯಿಂದ ತೆಗೆದ ಒಂದು ತಿಂಡಿ ಏನಾಗಿ ಕಂಡಿರಬೇಕು, ಲೆಕ್ಕ ಹಾಕಿ. ಅಮೆರಿಕದಲ್ಲಿ ಈಗಲೂ ಜೂನ್ ತಿಂಗಳ ಮೊದಲ ಶುಕ್ರವಾರ ಡೋನಟ್ ದಿನ ಆಚರಿಸುತ್ತಾರೆ, ಅದರ ಮೂಲ ಇದು. ಈಗ ಅದು ಅಂಗಡಿಯವರ ಹಬ್ಬವಾಗಿಬಿಟ್ಟಿದೆ, ಆ ಮಾತು ಬೇರೆ.

ಈಗ ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು, ಇಷ್ಟೇನಾ, ಚಹಾ ತಿಂಡಿ ಹಂಚೋದು? ಮನೆಗಳು ಉರಿಯುವಾಗ ಚಹಾ ಯಾರಿಗೆ ಬೇಕು? ನನಗೂ ಮೊದಲು ಹಾಗೇ ಅನ್ನಿಸಿತ್ತು. ತಪ್ಪು. ಬೆಂಕಿಗೆ ಇಳಿಯುವವನ ಮೈಮೇಲೆ ದಪ್ಪ ಕೋಟು, ಬೂಟು, ಹೆಲ್ಮೆಟ್, ಬೆನ್ನಿಗೆ ಗಾಳಿಯ ಸಿಲಿಂಡರ್, ಎಲ್ಲ ಸೇರಿ 20 ಕಿಲೋಗೂ ಜಾಸ್ತಿ ಭಾರ. ಹೊರಗಿನ ಶಾಖ ಒಳಗೆ ಬರದಂತೆ ತಡೆಯುವ ಆ ಕೋಟು ಮೈಯ ಶಾಖವನ್ನೂ ಹೊರಗೆ ಬಿಡುವುದಿಲ್ಲ. ಬೆವರು ಸುರಿಯುತ್ತದೆ, ಆರುವುದಿಲ್ಲ. ನೀರು ಕಮ್ಮಿಯಾದಷ್ಟೂ ರಕ್ತ ಮಂದವಾಗುತ್ತದೆ, ಹೃದಯ ಓಡುತ್ತಲೇ ಇರುತ್ತದೆ. ಅಮೆರಿಕದಲ್ಲಿ 1994ರಿಂದ 2004ರವರೆಗೆ ಕರ್ತವ್ಯದ ಮೇಲಿದ್ದಾಗ ಸತ್ತ ಅಗ್ನಿಶಾಮಕ ಸಿಬ್ಬಂದಿಯ ಲೆಕ್ಕ ತೆಗೆದವರಿಗೆ ಸಿಕ್ಕಿದ ಉತ್ತರ ನೋಡಿ: ಶೇ 39ರಷ್ಟು ಸಾವಿಗೆ ಹೃದಯದ ರಕ್ತನಾಳಗಳ ಕಾಯಿಲೆ ಕಾರಣ. ನಾವೆಲ್ಲ ಅಂದುಕೊಳ್ಳುವುದು ಜ್ವಾಲೆ, ಹೊಗೆ, ಕುಸಿದ ಗೋಡೆ ಅಂತ. ಅವು ಕೊಲ್ಲುವುದಿಲ್ಲ ಅಂತಲ್ಲ, ಆದರೆ ಎದೆಯೊಳಗಿನದ್ದೂ ಸದ್ದಿಲ್ಲದೆ ಕೊಲ್ಲುತ್ತದೆ.

ಅದಕ್ಕೇ ಅಲ್ಲಿ ಇದಕ್ಕೊಂದು ಮಾನದಂಡವೇ ಇದೆ, ಅಗ್ನಿ ಸುರಕ್ಷತೆಯ ನಿಯಮ ಬರೆಯುವ ಅಮೆರಿಕದ ಸಂಘವೊಂದು ಮಾಡಿದ್ದು, ಎನ್‌ಎಫ್‌ಪಿಎ 1584 ಅಂತ ಅದಕ್ಕೆ ಬಹುಕಾಲ ಹೆಸರಿತ್ತು. 30 ನಿಮಿಷದ ಎರಡು ಸಿಲಿಂಡರ್ ಖಾಲಿ ಮಾಡಿದವನು, ಅಥವಾ ಸಿಲಿಂಡರ್ ಇಲ್ಲದೆಯೇ 40 ನಿಮಿಷ ಮೈಮುರಿದು ದುಡಿದವನು, ವಿಶ್ರಾಂತಿಯ ಜಾಗಕ್ಕೆ ಬರಬೇಕು. ಬಾ ಅಂದರೆ ಬರಲೇಬೇಕು, ನಾನು ಗಟ್ಟಿ ಇದ್ದೀನಿ ಅಂತ ಜಂಬ ಕೊಚ್ಚುವಂತಿಲ್ಲ. ಕೋಟು ಬಿಚ್ಚಬೇಕು, ನಾಡಿ ನೋಡಿಸಿಕೊಳ್ಳಬೇಕು, ನೀರು ಕುಡಿಯಬೇಕು. ಕುರ್ಚಿಯ ಎರಡೂ ಕೈಗಳಲ್ಲಿ ತಣ್ಣೀರು ತುಂಬಿದ ಚೀಲ ಇರುತ್ತದೆ, ಮೊಣಕೈವರೆಗೆ ಅದರಲ್ಲಿ ಮುಳುಗಿಸಿ ಕೂತರೆ ಮೈ ಬೇಗ ತಣಿಯುತ್ತದೆ. ತಿನ್ನುವ ಮುಂಚೆ ಕೈ ಮುಖ ಕತ್ತು ತೊಳೆಯಬೇಕು, ಏಕೆಂದರೆ ಆ ಮಸಿ ಬರೀ ಕೊಳೆಯಲ್ಲ. ಕ್ಯಾನ್ಸರ್ ಸಂಶೋಧನೆಯ ಅಂತರರಾಷ್ಟ್ರೀಯ ಸಂಸ್ಥೆ 2022ರಲ್ಲಿ ಬೆಂಕಿ ಆರಿಸುವ ಕೆಲಸವನ್ನೇ ಕ್ಯಾನ್ಸರ್ ತರುವ ಕಾರಣಗಳ ಮೊದಲ ಗುಂಪಿಗೆ ಸೇರಿಸಿದೆ. ಮಸಿ ಕೈಯಲ್ಲೇ ಬಿಸ್ಕತ್ತು ತಿಂದರೆ ಹೊಟ್ಟೆಗೆ ಹೋಗುವುದು ಬಿಸ್ಕತ್ತು ಮಾತ್ರ ಅಲ್ಲ.

ಇಲ್ಲಿಗೆ ಬರುತ್ತದೆ ಸಾಲ್ವೇಷನ್ ಆರ್ಮಿಯ ಕ್ಯಾಂಟೀನ್ ಗಾಡಿ. ನಾಡಿ ನೋಡುವುದು ವೈದ್ಯಕೀಯ ಸಿಬ್ಬಂದಿಯ ಕೆಲಸ, ಬೆಂಕಿ ಆರಿಸುವುದು ಇಲಾಖೆಯ ಕೆಲಸ. ನೀರು, ಬಿಸಿ ಪಾನೀಯ, ಊಟ, ಒಣ ಕಾಲುಚೀಲ, ಕೂರಲು ಜಾಗ, ಇದನ್ನು ನೋಡಿಕೊಳ್ಳುವವರು ಇವರು. ಅನೇಕ ಕಡೆ ಅಗ್ನಿಶಾಮಕ ಇಲಾಖೆಯ ಜೊತೆ ಮೊದಲೇ ಮಾತಾಗಿರುತ್ತದೆ. ದೊಡ್ಡ ಬೆಂಕಿ ಅಂತ ಕರೆ ಬಂದರೆ ಇವರಿಗೂ ಕರೆ ಹೋಗುತ್ತದೆ. ಗಾಡಿ ಎಲ್ಲಿ ನಿಲ್ಲಬೇಕು, ಯಾರ ಅಪ್ಪಣೆ ಕೇಳಬೇಕು, ಯಾವ ಗೆರೆಯ ಆಚೆ ಹೋಗಬಾರದು, ಎಲ್ಲ ಗೊತ್ತಿರುತ್ತದೆ. ಗ್ಯಾಸ್ ತುಂಬಿರುತ್ತದೆ, ಡ್ರೈವರ್ ಇರುತ್ತಾನೆ, ಲೋಟ ಎಣಿಸಿಟ್ಟಿರುತ್ತಾರೆ. ಒಳ್ಳೆಯ ಮನಸ್ಸು ಎಲ್ಲರಿಗೂ ಇದೆ ಸ್ವಾಮಿ, ರಾತ್ರಿ ಮೂರು ಗಂಟೆಗೆ ಸ್ಟಾರ್ಟ್ ಆಗುವ ಗಾಡಿ ಎಷ್ಟು ಜನರ ಹತ್ತಿರ ಇದೆ? ಫೋನ್ ಜಾಲ ಬಿದ್ದುಹೋದರೆ ಸಂದೇಶ ಕಳಿಸಲು ಅಮೆರಿಕದಲ್ಲಿ 1988ರಿಂದ ಇವರದೇ ಹ್ಯಾಮ್ ರೇಡಿಯೋ, ಅಂದರೆ ಹವ್ಯಾಸಿ ರೇಡಿಯೋದವರ ತಂಡವೊಂದಿದೆ, ಸ್ಯಾಟರ್ನ್ ಅಂತ ಕರೆಯುತ್ತಾರೆ. ಊರೆಲ್ಲ ಫೋನ್ ಸತ್ತಾಗ ಯಾವನೋ ಒಬ್ಬ ನಿವೃತ್ತ ಮೇಷ್ಟ್ರು ಆಂಟೆನಾ ಏರಿಸಿ, ಇನ್ನಷ್ಟು ಕಂಬಳಿ ಕಳಿಸಿ ಅಂತ ಕೂಗುವುದನ್ನು ನಾನು ಮನಸ್ಸಿನಲ್ಲೇ ಚಿತ್ರಿಸಿಕೊಂಡು ಖುಷಿಪಟ್ಟಿದ್ದೇನೆ.

2017ರ ಜೂನ್ 14ರಂದು ಲಂಡನ್ನಿನ ಗ್ರೆನ್‌ಫೆಲ್ ಟವರ್ ಎಂಬ 24 ಅಂತಸ್ತಿನ ವಸತಿ ಕಟ್ಟಡ ಹೊತ್ತಿ ಉರಿಯಿತು. 72 ಜನ ಸತ್ತರು. ಇದ್ದದ್ದು ಒಂದೇ ಮೆಟ್ಟಿಲ ದಾರಿ, ಅದೂ ಹೊಗೆ ತುಂಬಿದ್ದು, ಸಿಬ್ಬಂದಿ ಅದರಲ್ಲೇ ಮತ್ತೆ ಮತ್ತೆ ಹತ್ತಿದರು. ಆ ದಿನ ಸಾಲ್ವೇಷನ್ ಆರ್ಮಿಯವರೂ ಅಲ್ಲಿದ್ದರು, ಒಂದು ಕೈಯಲ್ಲಿ ಸಿಬ್ಬಂದಿಗೆ ನೀರು, ಇನ್ನೊಂದು ಕೈಯಲ್ಲಿ ಮನೆ ಕಳೆದುಕೊಂಡವರಿಗೆ ಚಹಾ. ಹತ್ತಿರದ ಚರ್ಚುಗಳು ಬೆಳಗಾಗುವ ಮೊದಲೇ ಬಾಗಿಲು ತೆರೆದವು. ಇದು ಸಣ್ಣ ವಿಷಯ ಅನ್ನಿಸುತ್ತದೆ. ಆದರೆ ಬರಿಗಾಲಲ್ಲಿ ಓಡಿಬಂದವನಿಗೆ ಆ ಕ್ಷಣಕ್ಕೆ ಬೇಕಾದ್ದು ಒಂದು ದೀಪ ಉರಿಯುವ ಬಾಗಿಲು. ಆ ಬಾಗಿಲು ಎಲ್ಲಿದೆ ಅಂತ ಅವನಿಗೆ ಮೊದಲೇ ಗೊತ್ತಿರಬೇಕು. ಬೀದಿಯ ಮೂಲೆಯಲ್ಲಿ ವರ್ಷಾನುಗಟ್ಟಲೆ ಇರುವ ಪ್ರಾರ್ಥನಾ ಮಂದಿರಕ್ಕಿರುವ ಲಾಭ ಅದೇ. ಸರ್ಕಾರದ ಶಿಬಿರ ನಾಳೆ ತೆರೆಯುತ್ತದೆ, ಮುಂದಿನ ತಿಂಗಳು ಮುಚ್ಚುತ್ತದೆ. ಇವರು ಎಲ್ಲಿಗೂ ಹೋಗುವುದಿಲ್ಲ, ಅಲ್ಲೇ ಇರುತ್ತಾರೆ.

ಇನ್ನೊಂದು ದೃಶ್ಯ ನ್ಯೂಯಾರ್ಕಿನದು. 2001ರ ಸೆಪ್ಟೆಂಬರ್ 11ರಂದು ವರ್ಲ್ಡ್ ಟ್ರೇಡ್ ಸೆಂಟರಿನ ಎರಡು ಗೋಪುರಗಳು ಬಿದ್ದ ಜಾಗದ ಎದುರಿಗೇ ಸೇಂಟ್ ಪಾಲ್ಸ್ ಚಾಪೆಲ್ ಅನ್ನುವ 1766ರ ಹಳೆಯ ಚರ್ಚ್ ಇದೆ. ಅದು ತಿಂಗಳುಗಟ್ಟಲೆ ಅವಶೇಷ ತೆಗೆಯುವ ಕೆಲಸಗಾರರ ತಂಗುದಾಣವಾಗಿತ್ತು. ಬಿಸಿ ಊಟ, ಮಲಗಲು ಮಂಚ, ಬೆನ್ನು ನೀವುವವರು, ಎಲ್ಲ ಅಲ್ಲೇ. ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಪ್ರಾರ್ಥನೆಗೆ ಕೂರುತ್ತಿದ್ದ ಕಟಕಟೆಯೊಂದು ಆ ಚರ್ಚಿನಲ್ಲಿದೆ. ಅಷ್ಟು ದೊಡ್ಡ ಮನುಷ್ಯನ ಜಾಗ, ಹಗ್ಗ ಕಟ್ಟಿ ಯಾರೂ ಮುಟ್ಟಬೇಡಿ ಅನ್ನಬಹುದಿತ್ತು. ಅದನ್ನು ಅವರು ಕಾಲಿನ ಚಿಕಿತ್ಸೆಗೆ ಬಿಟ್ಟುಕೊಟ್ಟರು! ಬಿಸಿ ಬೂದಿಯ ಮೇಲೆ ನಡೆದು ಬೊಬ್ಬೆ ಬಂದ ಪಾದಗಳನ್ನು ಅಲ್ಲಿ ಕೂರಿಸಿಕೊಂಡು ಶುಶ್ರೂಷೆ ಮಾಡಿದರು. ಮಲಗಿದ್ದವರ ಬೂಟು, ಬೆಲ್ಟಿನ ಸಲಕರಣೆ ತಾಗಿ ಚರ್ಚಿನ ಬೆಂಚುಗಳ ಬಣ್ಣವೆಲ್ಲ ಗೀಚಿಹೋಯಿತು. ಆ ಗೀರುಗಳನ್ನು ಬೇಗ ಬಣ್ಣ ಬಳಿದು ಮುಚ್ಚಲಿಲ್ಲವಂತೆ. ನನಗೆ ಆ ಚರ್ಚಿನ ಬಗ್ಗೆ ಗೌರವ ಹುಟ್ಟಿದ್ದು ಇದನ್ನು ಓದಿದ ಮೇಲೆ.

ಅದೇ ದಿನ ಸತ್ತವರ ಅಧಿಕೃತ ದಾಖಲೆಯಲ್ಲಿ ಮೊದಲ ಸಂಖ್ಯೆ ಯಾರದು ಗೊತ್ತಾ? ಫಾದರ್ ಮೈಕಲ್ ಜಡ್ಜ್. ನ್ಯೂಯಾರ್ಕ್ ಅಗ್ನಿಶಾಮಕ ಇಲಾಖೆಯ ಪಾದ್ರಿ. ಸಿಬ್ಬಂದಿ ಒಳಗೆ ನುಗ್ಗಿದಾಗ ಇವರೂ ಉತ್ತರ ಗೋಪುರದ ಲಾಬಿಗೆ ಹೋದರು, ಪ್ರಾರ್ಥಿಸುತ್ತ ನಿಂತಿದ್ದರು, ಪಕ್ಕದ ಗೋಪುರ ಕುಸಿದಾಗ ಹಾರಿಬಂದ ಅವಶೇಷಕ್ಕೆ ಸಿಕ್ಕರು. ಇಲಾಖೆಗೊಬ್ಬ ಪಾದ್ರಿ ಯಾಕೆ ಅಂತ ಕೇಳುವವರಿದ್ದಾರೆ. ಸುಟ್ಟ ಮಗುವನ್ನು ಎತ್ತಿ ತಂದವನು ಮನೆಗೆ ಹೋಗಿ ಹೆಂಡತಿಗೆ ಏನು ಹೇಳುತ್ತಾನೆ? ಮೇಲಧಿಕಾರಿಗೆ ಹೇಳಿದರೆ ಅಂಜುಬುರುಕ ಅಂತಾರೆ ಅನ್ನುವ ಭಯ. ವೈದ್ಯರಿಗೆ ಹೇಳಿದರೆ ಕಡತಕ್ಕೆ ಸೇರುತ್ತದೆ. ಯಾವ ಕಡತವೂ ಇಲ್ಲದ, ಬಡ್ತಿ ಕೊಡಲೂ ತಡೆಯಲೂ ಅಧಿಕಾರವಿಲ್ಲದ ಒಬ್ಬ ಮನುಷ್ಯ ಬೇಕಲ್ವಾ?

ಇಲ್ಲಿ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಸಮಾಧಾನ ಹೇಳುವವರೆಲ್ಲ ಸಮಾಧಾನ ಮಾಡುವುದಿಲ್ಲ. ‘ಏನಾಯ್ತು ಹೇಳು, ಎಲ್ಲ ಹೊರಗೆ ಹಾಕು, ಹಗುರಾಗುತ್ತೆ’ ಅಂತ ಬಲವಂತ ಮಾಡುವವರಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿ ತಂದಿತು. ಅದನ್ನು ರೂಪಿಸಲು ಜೊತೆಗೂಡಿದವರಲ್ಲಿ ವರ್ಲ್ಡ್ ವಿಷನ್ ಎಂಬ ಕ್ರೈಸ್ತ ಸಂಸ್ಥೆಯೂ ಒಂದು. ಅದರ ತಿರುಳು ಮೂರೇ ಮಾತು: ನೋಡು, ಕೇಳಿಸಿಕೊ, ಜೋಡಿಸು. ಅಂದರೆ ಮೊದಲು ಅಪಾಯ ಇದೆಯಾ, ಯಾರಿಗೆ ತುರ್ತಾಗಿ ಏನು ಬೇಕು ನೋಡು. ಅವರು ಮಾತಾಡಿದರೆ ಕೇಳಿಸಿಕೊ, ಮಾತಾಡದಿದ್ದರೆ ಕೆದಕಬೇಡ. ಆಮೇಲೆ ಅವರನ್ನು ಅವರ ಮನೆಯವರ ಜೊತೆ, ನೆರವಿನ ಜೊತೆ ಜೋಡಿಸು. ಚಹಾ ಲೋಟದ ಉಪಯೋಗ ಇಲ್ಲಿ ಗೊತ್ತಾಗುತ್ತದೆ. ಲೋಟ ಕೈಯಲ್ಲಿದ್ದರೆ ಮಾತಾಡದೆ ಕೂರುವುದಕ್ಕೂ ಒಂದು ನೆಪ ಸಿಗುತ್ತದೆ.

ಇನ್ನು ಎಲ್ಲರ ಮನಸ್ಸಿನಲ್ಲಿರುವ ಪ್ರಶ್ನೆ. ಚಹಾದ ಜೊತೆ ಧರ್ಮವನ್ನೂ ಕುಡಿಸುತ್ತಾರಾ? ಕೇಳಬೇಕಾದ ಪ್ರಶ್ನೆಯೇ, ಅದಕ್ಕೆ ಸಿಟ್ಟಾಗಬೇಕಿಲ್ಲ. 1994ರಲ್ಲಿ ರೆಡ್ ಕ್ರಾಸ್ ಮತ್ತು ದೊಡ್ಡ ಪರಿಹಾರ ಸಂಸ್ಥೆಗಳು ಸೇರಿ ಹತ್ತು ಅಂಶಗಳ ಒಂದು ನೀತಿ ಸಂಹಿತೆ ಬರೆದುಕೊಂಡವು. ನೆರವು ಕೊಡುವಾಗ ಜನಾಂಗ, ಮತ, ದೇಶ ನೋಡಬಾರದು ಅನ್ನುವುದು ಎರಡನೆಯ ಅಂಶ. ನೆರವನ್ನು ಯಾವುದೇ ರಾಜಕೀಯ ಅಥವಾ ಧಾರ್ಮಿಕ ನಿಲುವು ಹರಡಲು ಬಳಸಬಾರದು ಅನ್ನುವುದು ಮೂರನೆಯದು. ಇದನ್ನು ಮುಂದೆ ನಿಂತು ಬರೆದವರಲ್ಲಿ ಕ್ಯಾಥೊಲಿಕರ ಕಾರಿತಾಸ್, ಲುಥರನ್ ವರ್ಲ್ಡ್ ಫೆಡರೇಷನ್, ಚರ್ಚುಗಳ ವಿಶ್ವ ಮಂಡಳಿ ಕೂಡ ಇದ್ದವು. ಅಂದರೆ ಬೇಲಿ ಹಾಕಿಕೊಂಡವರು ಅವರೇ. ಎಲ್ಲರೂ ಎಲ್ಲ ಕಡೆ ಆ ಬೇಲಿಯೊಳಗೇ ಇದ್ದಾರೆ ಅಂತ ನಾನು ಪ್ರಮಾಣ ಮಾಡಲಾರೆ. ಲೋಟದ ಜೊತೆ ಕರಪತ್ರ ಬಂದರೆ ನಾನೇ ಮೊದಲು ಗಲಾಟೆ ಮಾಡುತ್ತೇನೆ. ಆದರೆ ಕರಪತ್ರ ಒಂದೇ ಬಗೆಯದಲ್ಲ ನೋಡಿ. ಒಮ್ಮೆ ಒಂದು ಪರಿಹಾರ ಶಿಬಿರದಲ್ಲಿ, ಯಾರು ಏನು ಅಂತ ಹೇಳುವುದಿಲ್ಲ, ಚರ್ಚಿನವರಂತೂ ಅಲ್ಲ, ಒಬ್ಬ ಅಜ್ಜಿಯ ಕೈಗೆ ಒಂದೇ ಕಂಬಳಿಯನ್ನು ಮೂರು ಸಲ ಕೊಟ್ಟು ಮೂರು ಸಲ ಫೋಟೋ ತೆಗೆದದ್ದನ್ನು ಕಣ್ಣಾರೆ ಕಂಡಿದ್ದೇನೆ. ಮೊದಲ ಎರಡರಲ್ಲಿ ಅಜ್ಜಿ ನಕ್ಕಿರಲಿಲ್ಲ.

ಧಾರ್ಮಿಕ ನಂಬಿಕೆಯವರು ಬೇಕೇ ಬೇಕಾಗುವ ಜಾಗವೂ ಒಂದಿದೆ. 2014ರಲ್ಲಿ ಪಶ್ಚಿಮ ಆಫ್ರಿಕಾದ ಗಿನಿ, ಲೈಬೀರಿಯಾ, ಸಿಯೆರಾ ಲಿಯೋನ್ ದೇಶಗಳಲ್ಲಿ ಎಬೋಲಾ ಹಬ್ಬಿತು. ಸತ್ತವರ ಮೈಯಲ್ಲೂ ವೈರಸ್ ಇರುತ್ತದೆ. ಹೆಣ ತೊಳೆದು, ಮುಟ್ಟಿ, ಅಪ್ಪಿ ಕಳಿಸಿಕೊಡುವುದು ಅಲ್ಲಿನ ಸಂಪ್ರದಾಯ. ಹೊಸ ಸೋಂಕುಗಳಲ್ಲಿ ಕನಿಷ್ಠ ಶೇ 20ರಷ್ಟು ಅಂತ್ಯಕ್ರಿಯೆಯ ಹೊತ್ತಿನಲ್ಲೇ ಅಂಟುತ್ತಿವೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಆಗ ಹೇಳಿತು. ಅಡಿಯಿಂದ ಮುಡಿಯವರೆಗೆ ಬಿಳಿ ಪ್ಲಾಸ್ಟಿಕ್ ಸುತ್ತಿಕೊಂಡ ಯಾರೋ ಬಂದು ಅಪ್ಪನ ಹೆಣವನ್ನು ಚೀಲಕ್ಕೆ ತುಂಬಿ ಒಯ್ದರೆ ಯಾವ ಮಕ್ಕಳು ಸುಮ್ಮನಿರುತ್ತಾರೆ? ಬಚ್ಚಿಟ್ಟರು, ರಾತ್ರಿ ಹೂಳಿದರು. ಆಗ ಆರೋಗ್ಯ ಸಂಸ್ಥೆ ಚರ್ಚುಗಳ ವಿಶ್ವ ಮಂಡಳಿ, ಕಾರಿತಾಸ್, ವರ್ಲ್ಡ್ ವಿಷನ್, ಇಸ್ಲಾಮಿಕ್ ರಿಲೀಫ್ ಇವರನ್ನೆಲ್ಲ ಕೂರಿಸಿಕೊಂಡು ಹೊಸ ಕ್ರಮ ಬರೆಯಿತು. ಮುಟ್ಟದೆಯೂ ಮರ್ಯಾದೆಯಿಂದ ಕಳಿಸಿಕೊಡಬಹುದು, ಮನೆಯವರು ದೂರದಿಂದ ನೋಡಬಹುದು, ಪಾದ್ರಿಯೋ ಇಮಾಮರೋ ನಿಂತು ಪ್ರಾರ್ಥನೆ ಹೇಳಬಹುದು. ಅದೇ ಮಾತನ್ನು ಕರಪತ್ರ ಹೇಳಿದಾಗ ಹರಿದುಹಾಕಿದವರು, ತಮ್ಮ ಮದುವೆ ಮಾಡಿಸಿದ ಪಾದ್ರಿ ಹೇಳಿದಾಗ ಕೇಳಿಸಿಕೊಂಡರು. ಹೂಳುವ ತಂಡದ ಹುಡುಗರನ್ನೂ ಮರೆಯಬಾರದು. ಎಷ್ಟೋ ಮಂದಿಯನ್ನು ಅವರ ಮನೆಯವರೇ ಒಳಗೆ ಸೇರಿಸಲಿಲ್ಲ. ಊರು ಉಳಿಸಲು ಹೋದವರಿಗೆ ಊರಲ್ಲೇ ಜಾಗವಿಲ್ಲ. ಅವರಿಗೂ ಒಬ್ಬರು ಬೇಕಿತ್ತು, ಬಾಟಲಿಯ ಮುಚ್ಚಳ ತೆಗೆದುಕೊಡುವವರು.

ನೆರವಿಗೆ ಬರುವ ಇಷ್ಟೊಂದು ಸಂಸ್ಥೆಗಳವರು ಒಬ್ಬರಿಗೊಬ್ಬರು ಅಡ್ಡ ಬರುವುದಿಲ್ಲವೇ ಅಂದರೆ, ಬರುತ್ತಿದ್ದರು. ಅಮೆರಿಕದಲ್ಲಿ 1969ರ ಕಮಿಲ್ ಚಂಡಮಾರುತದ ಹೊತ್ತಿಗೆ ಒಂದೇ ಬೀದಿಗೆ ನಾಲ್ಕು ತಂಡ, ಪಕ್ಕದ ಬೀದಿಗೆ ಯಾರೂ ಇಲ್ಲ ಅನ್ನುವಂಥ ಗೊಂದಲ. ಮರುವರ್ಷವೇ ಎಲ್ಲ ಸೇರಿ ಒಂದು ಒಕ್ಕೂಟ ಮಾಡಿಕೊಂಡರು. ಈಗ ಅಲ್ಲಿ ಕೆಲಸ ಹಂಚಿಕೆಯಾಗಿದೆ: ಸದರ್ನ್ ಬ್ಯಾಪ್ಟಿಸ್ಟ್ ಎಂಬ ಕ್ರೈಸ್ತ ಪಂಥದವರು ಬಯಲಲ್ಲಿ ದೊಡ್ಡ ಅಡುಗೆಮನೆ ಹೂಡುತ್ತಾರೆ, ರೆಡ್ ಕ್ರಾಸಿನ ಗಾಡಿಗಳು ಆ ಊಟವನ್ನು ಬೀದಿ ಬೀದಿಗೆ ಒಯ್ಯುತ್ತವೆ, ಅಡ್ವೆಂಟಿಸ್ಟ್ ಪಂಥದವರು ಬಂದ ಸಾಮಾನುಗಳ ಗೋದಾಮು ನೋಡಿಕೊಳ್ಳುತ್ತಾರೆ, ಮೆನ್ನೊನೈಟ್ ಪಂಥದವರು ಬಡಗಿ ಕೆಲಸದಲ್ಲಿ ಗಟ್ಟಿಗರು, ಕ್ಯಾಮೆರಾಗಳೆಲ್ಲ ಹೋದಮೇಲೆ ಬಂದು ಮನೆ ಕಟ್ಟಿಕೊಡುತ್ತಾರೆ. ದೇವರ ವಿಚಾರದಲ್ಲಿ ಇವರೊಳಗೇ ನೂರು ತಕರಾರು. ಸೌಟು ಯಾರ ಕೈಯಲ್ಲಿ ಅನ್ನುವ ತಕರಾರು ಮಾತ್ರ ಇಲ್ಲ.

ಗೋದಾಮಿನ ಮಾತು ಬಂದದ್ದಕ್ಕೆ ಹೇಳಿಬಿಡುತ್ತೇನೆ, ದಯವಿಟ್ಟು ಹಳೇ ಬಟ್ಟೆ ಕಳಿಸಬೇಡಿ. ನಾನೂ ಕಳಿಸಿದ್ದೇನೆ, ಬೀರು ಖಾಲಿಯಾಯಿತು, ಪುಣ್ಯವೂ ಬಂತು ಅಂತ ಬೀಗಿದ್ದೇನೆ. 1998ರಲ್ಲಿ ಮಿಚ್ ಚಂಡಮಾರುತ ಹೊಂಡುರಾಸ್ ದೇಶವನ್ನು ಹಾಳುಗೆಡವಿದಾಗ, ತುರ್ತು ಸಾಮಗ್ರಿ ಹೊತ್ತ ವಿಮಾನಕ್ಕೆ ಇಳಿಯಲು ಜಾಗವಿರಲಿಲ್ಲವಂತೆ. ಯಾಕೆ? ರನ್‌ವೇ ಮೇಲೆ ಯಾರೋ ದಾನ ಕೊಟ್ಟ ಬಟ್ಟೆಯ ರಾಶಿ. ಅದರಲ್ಲಿ ಚಳಿಗಾಲದ ಕೋಟುಗಳು, ಆ ಬಿಸಿಲ ದೇಶಕ್ಕೆ! 2012ರಲ್ಲಿ ಅಮೆರಿಕದ ನ್ಯೂಟೌನ್‌ನಲ್ಲಿ ಶಾಲೆಗೆ ನುಗ್ಗಿದ ಬಂದೂಕುಧಾರಿ 20 ಮಕ್ಕಳನ್ನು ಕೊಂದಾಗ, ಆ ಪುಟ್ಟ ಊರಿಗೆ 65,000 ಟೆಡ್ಡಿ ಬೇರ್‌ಗಳು ಬಂದವು. ಕಳಿಸಿದ ಒಬ್ಬೊಬ್ಬರದೂ ಒಳ್ಳೆ ಮನಸ್ಸೇ. ಆದರೆ ಪ್ರತಿಯೊಂದು ಡಬ್ಬ ಒಡೆಯಲು, ಬೇರೆ ಮಾಡಲು, ಪೇರಿಸಲು ಜನ ಬೇಕು, ಆ ಜನ ಆ ಹೊತ್ತಿಗೆ ಇನ್ನೇನೋ ಮಾಡಬೇಕಿತ್ತು. ಹಣ ಕೊಟ್ಟರೆ ಅಲ್ಲಿಯವರು ತಮಗೆ ಬೇಕಾದ್ದನ್ನು ಅಲ್ಲೇ ಕೊಳ್ಳುತ್ತಾರೆ, ಅಲ್ಲಿನ ಅಂಗಡಿಯವನೂ ಬದುಕಿಕೊಳ್ಳುತ್ತಾನೆ. ಯಾರಿಗೆ ಕೊಡುತ್ತೀರೋ ಅವರ ಲೆಕ್ಕಪತ್ರ ಕೇಳಿ, ಸಂಕೋಚ ಬೇಡ. ಚರ್ಚು, ಮಠ, ಮಸೀದಿ, ಸಂಘ, ಯಾರಾದರೂ ಸರಿ, ಲೆಕ್ಕ ಕೇಳಿದರೆ ಮುಖ ಸಿಂಡರಿಸುವವರಿಗೆ ಕೊಡಬೇಡಿ.

ಪರಿಹಾರ ಶಿಬಿರದಲ್ಲಿ ಕುಡಿಯಲು, ಅಡುಗೆಗೆ, ತೊಳೆಯಲು ಸೇರಿ ತಲೆಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು, 20 ಜನಕ್ಕೊಂದು ಶೌಚಾಲಯ, ಒಬ್ಬರಿಗೆ ಮಲಗಲು ಕೂರಲು ಮೂರೂವರೆ ಚದರ ಮೀಟರ್ ಜಾಗ. ಇದು ಸ್ಫಿಯರ್ ಅನ್ನುವ ಅಂತರರಾಷ್ಟ್ರೀಯ ಕೈಪಿಡಿಯ ಲೆಕ್ಕ, ಶಿಬಿರ ನಡೆಸುವ ಗಂಭೀರ ಸಂಸ್ಥೆಗಳೆಲ್ಲ ಇದನ್ನು ಮುಂದಿಟ್ಟುಕೊಂಡೇ ಕೆಲಸ ಮಾಡುತ್ತವೆ. ನಿಮ್ಮ ವರದಿಗಾರರು ಶಿಬಿರಕ್ಕೆ ಹೋದಾಗ ಒಂದು ಅಳತೆ ಟೇಪು ಒಯ್ಯಲಿ. ಯಾವ ಸಚಿವರು ಬಂದರು ಅನ್ನುವುದಕ್ಕಿಂತ ಸಾಲಿನಲ್ಲಿ ಶೌಚಾಲಯ ಎಷ್ಟಿವೆ ಅನ್ನುವುದು ನಮಗೆ ಜಾಸ್ತಿ ತಿಳಿಸುತ್ತದೆ.

ನನ್ನ ಬೇಡಿಕೆ ದೊಡ್ಡದಲ್ಲ. ವಿಪತ್ತಿನ ಮರುದಿನ ನಿಮ್ಮ ಮುಖಪುಟದಲ್ಲಿ ಒಂದು ಸಣ್ಣ ಚೌಕಟ್ಟು ಹಾಕಿ: ಏನು ಕಳಿಸಬೇಕು, ಏನು ಕಳಿಸಬಾರದು, ರಕ್ಷಣೆಗೆ ಹೋದವರ ಊಟ ನೀರು ಯಾರು ನೋಡಿಕೊಳ್ಳುತ್ತಿದ್ದಾರೆ, ಅವರ ಜೊತೆ ಸೇರಬೇಕಾದರೆ ಎಲ್ಲಿ ಹೆಸರು ಕೊಡಬೇಕು. ಮುಂದಿನ ಬೆಂಕಿಯ ವರದಿ ಬರೆಯುವವರು ಅಧಿಕಾರಿಯ ಹೇಳಿಕೆ ತೆಗೆದುಕೊಂಡ ಮೇಲೆ ಪೈಪು ಸುತ್ತುತ್ತಿರುವ ಹುಡುಗನ ಹತ್ತಿರ ಹೋಗಿ, ಕೊನೆಗೆ ನೀರು ಕುಡಿದದ್ದು ಯಾವಾಗಪ್ಪಾ ಅಂತ ಕೇಳಲಿ. ಉತ್ತರವನ್ನು ಹಾಗೇ ಅಚ್ಚು ಹಾಕಿ.

ಪತ್ರ ಉದ್ದವಾಯಿತು. ಕತ್ತರಿಸುವುದಾದರೆ ಡೋನಟ್ ಕತ್ತರಿಸಿ, ಕಟಕಟೆಯಲ್ಲಿ ಕಾಲಿಗೆ ಶುಶ್ರೂಷೆ ಮಾಡಿದ್ದನ್ನು ಉಳಿಸಿ. ಆ ಎರಡನೇ ಮಹಡಿಯ ಹುಡುಗಿ ಈಗ ದೊಡ್ಡವಳಾಗಿದ್ದಾಳೆ. ಮೊನ್ನೆ ಸಿಕ್ಕಾಗ ನೆನಪಿದೆಯಾ ಅಂತ ಕೇಳಿದೆ. ಬೆಂಕಿ ನೆನಪಿದೆಯಂತೆ, ಬಾಟಲಿ ನೆನಪಿಲ್ಲವಂತೆ.

ಇಂತಿ,
ನಿಮ್ಮ ಹಳೆಯ ಓದುಗ